ಪಾತ್ರೆ ತೊಳೆಯುವ ಯಂತ್ರದ ಪುಡಿ: ಅದರ ಯೋಗವೂ ಅದರ ನೀರಿನ ವಿನಿಯೋಗವೂ

ಬೇಸಿಗೆಯ ದಿನಗಳಲ್ಲಿ ತಗ್ಗಿನ ಜಮೀನುಗಳ ಮೇಲೆ ಬೆಳ್ಳಗೆ ಹೊಮ್ಮುವ ಚೌಳು ಎಂಥದೆಂಬುದನ್ನು ಜಮೀನುದಾರರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಅಗಸನು ಅದನ್ನು ಗೋರಿ ತಂದು ಬಟ್ಟೆಯ ಕೊಳೆಯನ್ನು ತೆಗೆಯುತ್ತಿದ್ದನು. ರೈತನು ಅದೇ ಚೌಳನ್ನು ಕಂಡು ಬೆಳೆಯ ಆಸೆಯನ್ನು ಬಿಡುತ್ತಿದ್ದನು. ಒಬ್ಬನಿಗೆ ಉಪಕಾರಿಯಾಗಿಯೂ ಮತ್ತೊಬ್ಬನಿಗೆ ಅಪಕಾರಿಯಾಗಿಯೂ ಇದ್ದ ಆ ವಸ್ತುವಿನ ಮುಖ್ಯ ಅಂಶ ಸೋಡಿಯಂ ಕಾರ್ಬೊನೇಟ್, ಎಂದರೆ ಅಂಗಡಿಯಲ್ಲಿ ವಾಷಿಂಗ್ ಸೋಡಾ ಎಂದು ಕೊಳ್ಳುವ ಲವಣವೇ ಆಗಿದೆ. ಈಚೆಗೆ ತೋಟದ ಮನೆಗಳಲ್ಲಿಯೂ ಪ್ರವಾಸಿಗರನ್ನು ಇಳಿಸಿಕೊಳ್ಳುವ ಮನೆಗಳಲ್ಲಿಯೂ ವಿದ್ಯಾರ್ಥಿನಿಲಯಗಳಲ್ಲಿಯೂ ಕಾಣಬರುತ್ತಿರುವ ಪಾತ್ರೆ ತೊಳೆಯುವ ಯಂತ್ರಕ್ಕೆ ಹಾಕುವ ಪುಡಿಯಲ್ಲಿಯೂ ಈ ಸೋಡಾವೇ ಪ್ರಧಾನವಾದುದು.

ಆದಕಾರಣ ಈ ಪುಡಿಯ ವಿಚಾರವು ಅಡಿಗೆಯ ಮನೆಯಲ್ಲಿಯೇ ಮುಗಿಯತಕ್ಕದ್ದಲ್ಲ. ಯಂತ್ರದಿಂದ ಹೊರಬೀಳುವ ನೀರು ಹಿತ್ತಲಿಗೋ ಕಾಲುವೆಗೋ ಕೆರೆಗೋ ಸೇರಲೇಬೇಕು. ಪುಡಿಯಲ್ಲಿ ಏನೇನು ಇದೆ, ಪ್ರತಿಯೊಂದೂ ಏತಕ್ಕಾಗಿ ಇದೆ, ಅದನ್ನು ಬೆರೆಸುವುದು ಹೇಗೆ, ಬಳಸಿದ ನೀರನ್ನು ಎಲ್ಲಿಗೆ ಬಿಡಬೇಕು ಎಂಬಿಷ್ಟನ್ನು ಈ ಪಾಠದಲ್ಲಿ ಕ್ರಮವಾಗಿ ತಿಳಿಸಿದೆ.

೧. ಯಂತ್ರವು ಕೆಲಸ ಮಾಡುವ ಬಗೆ

ಅಮೆರಿಕಾ ದೇಶದ ಇಲಿನಾಯ್ ಸಂಸ್ಥಾನದ ಶೆಲ್ಬಿವಿಲ್ ಎಂಬ ಊರಿನ ಜೋಸೆಫೀನ್ ಕಾಕ್ರನ್ ಎಂಬ ಗೃಹಿಣಿಯು ೧೮೮೬ನೆಯ ಡಿಸೆಂಬರ್ ೨೮ರಂದು ಇಂಥ ಯಂತ್ರವೊಂದಕ್ಕೆ ಹಕ್ಕುಪತ್ರವನ್ನು ಪಡೆದಳು. ೧೮೯೩ರಲ್ಲಿ ಷಿಕಾಗೋ ನಗರದ ಮಹಾಪ್ರದರ್ಶನದಲ್ಲಿ ಅದು ಜನರ ಕಣ್ಣಿಗೆ ಬಿತ್ತು. ಪಾತ್ರೆಗಳನ್ನು ಉಜ್ಜದೆ, ನೀರಿನ ರಭಸದಿಂದಲೇ ಕೊಳೆಯನ್ನು ಬಿಡಿಸುವುದು ಅದರ ತತ್ವವಾಗಿತ್ತು. ಇಂದಿನ ಯಂತ್ರಗಳ ತತ್ವವೂ ಅದೇ.

ಯಂತ್ರದ ತಳದಲ್ಲಿ ಸ್ವಲ್ಪ ನೀರು ನಿಲ್ಲುತ್ತದೆ. ವಿದ್ಯುತ್ತು ಅದನ್ನು ೫೦ರಿಂದ ೬೫ ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸುತ್ತದೆ. ಪಂಪು ಅದೇ ನೀರನ್ನು ಮತ್ತೆ ಮತ್ತೆ ಎತ್ತಿ, ತೂತುಗಳುಳ್ಳ ತಿರುಗುವ ತೋಳುಗಳ ಮೂಲಕ ಪಾತ್ರೆಗಳ ಮೇಲೆ ಚಿಮ್ಮಿಸುತ್ತದೆ. ಮೊದಲು ತೋಯಿಸುವುದು, ಆಮೇಲೆ ಪುಡಿಯೊಡನೆ ಮುಖ್ಯ ತೊಳೆತ, ಅನಂತರ ಎರಡು ಮೂರು ಸಲ ಬರಿಯ ನೀರಿನಲ್ಲಿ ಜಾಲಿಸುವುದು, ಕಡೆಗೆ ಒಣಗಿಸುವುದು, ಇದು ಅದರ ಕ್ರಮ. ಮುಖ್ಯ ತೊಳೆತಕ್ಕೆ ಸುಮಾರು ೪ ಲೀಟರು ನೀರು ಸಾಕು. ಎಲ್ಲ ಹಂತಗಳೂ ಸೇರಿ ೧೦ರಿಂದ ೧೫ ಲೀಟರು ಹಿಡಿಯುತ್ತದೆ. ಉಜ್ಜುವ ಕೈ ಇಲ್ಲಿ ಇಲ್ಲದಿರುವುದರಿಂದ, ನಾರು, ಬೂದಿ, ಹುಣಿಸೆಹಣ್ಣು, ಕೈಬಲ ಇವೆಲ್ಲ ಸೇರಿ ಮಾಡುತ್ತಿದ್ದ ಕೆಲಸವನ್ನು ನೀರಿನ ವೇಗ, ಬಿಸಿ ಮತ್ತು ಪುಡಿ ಈ ಮೂರೇ ಮಾಡಿ ಮುಗಿಸಬೇಕಾಗಿದೆ.

೨. ನೊರೆಯು ಯಂತ್ರಕ್ಕೆ ಶತ್ರು

ನೊರೆ ಹೆಚ್ಚಿದಷ್ಟೂ ಸಾಬೂನು ಒಳ್ಳೆಯದೆಂಬ ಭಾವನೆ ಜನರಲ್ಲಿ ಬೇರೂರಿದೆ. ಯಂತ್ರದ ವಿಷಯದಲ್ಲಿ ಇದು ಪೂರ್ತಿಯಾಗಿ ತಪ್ಪು. ಪಂಪಿಗೆ ನೀರಿನ ಬದಲು ನೊರೆ ಸಿಕ್ಕಿದರೆ ಒತ್ತಡವು ಬೀಳುತ್ತದೆ, ತೋಳುಗಳು ತಿರುಗುವುದಿಲ್ಲ, ಬಾಗಿಲಿನ ಸಂದಿಯಿಂದ ನೊರೆ ಹೊರಕ್ಕೆ ಉಕ್ಕುತ್ತದೆ. ಆದುದರಿಂದ ಕೈಯಿಂದ ತೊಳೆಯುವುದಕ್ಕೆಂದು ಮಾಡಿದ ಪುಡಿಯನ್ನಾಗಲಿ ಸಾಬೂನನ್ನಾಗಲಿ ಅಂಟುವಾಳ ಸೀಗೆಗಳ ಪುಡಿಯನ್ನಾಗಲಿ ಯಂತ್ರಕ್ಕೆ ಹಾಕಕೂಡದು. ಇದಲ್ಲದೆ ಹಾಲು ಮೊಟ್ಟೆಗಳ ಉಳಿಕೆಯೂ, ತುಪ್ಪ ಎಣ್ಣೆಗಳು ಕ್ಷಾರದೊಡನೆ ಕೂಡಿ ತಾವೇ ಸಾಬೂನಾಗುವುದೂ ನೊರೆಗೆ ಕಾರಣಗಳು. ಹೀಗಾಗಿ ಯಂತ್ರದ ಪುಡಿಯಲ್ಲಿ ಜಿಡ್ಡನ್ನು ತೋಯಿಸುವ ದ್ರವ್ಯವು ನೂರಕ್ಕೆ ಒಂದೆರಡು ಪಾಲು ಮಾತ್ರ ಇರುತ್ತದೆ. ಅದೂ ಬಿಸಿ ನೀರಿನಲ್ಲಿ ಕರಗದೆ ಬೇರ್ಪಟ್ಟು, ಏಳುವ ನೊರೆಯನ್ನು ಒಡೆಯುವ ಜಾತಿಯದಾಗಿರಬೇಕು.

೩. ಮೊದಲು ನೀರನ್ನು ತಿಳಿಯಬೇಕು

ಪುಡಿಯ ಯೋಗವನ್ನು ನಿರ್ಧರಿಸುವುದಕ್ಕೆ ಮೊದಲು ನೀರಿನ ಗಡಸುತನವನ್ನು ತಿಳಿಯುವುದು ಅವಶ್ಯಕ. ನೀರಿನಲ್ಲಿ ಕರಗಿರುವ ಸುಣ್ಣ ಮತ್ತು ಮೆಗ್ನೀಸಿಯಂ ಲವಣಗಳೇ ಈ ಗಡಸಿಗೆ ಕಾರಣ. ಸುಣ್ಣಕಲ್ಲಿನ ಲೆಕ್ಕದಲ್ಲಿ ಲೀಟರಿಗೆ ಇಷ್ಟು ಮಿಲಿಗ್ರಾಮೆಂದು ಇದನ್ನು ಅಳೆಯುವುದು ವಾಡಿಕೆ. ಭಾರತೀಯ ಮಾನಕ ಬ್ಯೂರೋದವರು ೨೦೧೨ರಲ್ಲಿ ಪರಿಷ್ಕರಿಸಿದ ಕುಡಿಯುವ ನೀರಿನ ಮಾನದಂಡದಲ್ಲಿ ೨೦೦ ಮಿಲಿಗ್ರಾಮ್ ಒಪ್ಪತಕ್ಕ ಮಿತಿ. ಬೇರೆ ನೀರಿಲ್ಲದ ಕಡೆ ೬೦೦ರವರೆಗೆ ತಾಳಬಹುದೆಂದಿದೆ. ಮಳೆಯ ನೀರು ಮೆದುವು. ಬಯಲುಸೀಮೆಯ ಆಳವಾದ ಕೊಳವೆ ಬಾವಿಗಳ ನೀರು ಬಹುಮಟ್ಟಿಗೆ ಗಡಸು. ಬೇಳೆ ಬೇಗ ಬೇಯದಿರುವುದು, ಸಾಬೂನು ನೊರೆ ಕೊಡದೆ ಮೊಸರಿನಂತೆ ಒಡೆಯುವುದು, ಬಿಸಿನೀರಿನ ಹಂಡೆಯ ಒಳಗೆ ಬಿಳಿಯ ಹೊಪ್ಪಳೆ ಕಟ್ಟುವುದು, ಇವು ಗಡಸಿನ ಗುರುತುಗಳು. ನಿಖರವಾದ ಅಂಕಿಯನ್ನು ನೀರು ಪರೀಕ್ಷೆಯ ಪ್ರಯೋಗಶಾಲೆಯಿಂದ ಪಡೆಯತಕ್ಕದ್ದು.

ಗಡಸು ನೀರಿಗೆ ಬರಿಯ ಸೋಡಾ ಹಾಕಿದರೆ ಸುಣ್ಣವು ಸೀಮೆಸುಣ್ಣದ ಹಿಟ್ಟಾಗಿ ಒಡೆದು ಪಾತ್ರೆಗಳ ಮೇಲೆ ಬೆಳ್ಳಗೆ ಕೂರುತ್ತದೆ. ಆದಕಾರಣ ಸುಣ್ಣವನ್ನು ಒಡೆಯಗೊಡದೆ ನೀರಿನಲ್ಲಿಯೇ ಬಂಧಿಸಿಡುವ ದ್ರವ್ಯವೊಂದು ಪುಡಿಯಲ್ಲಿ ಇರಲೇಬೇಕು. ೧೯೩೦ರ ದಶಕದಲ್ಲಿ ಅಮೆರಿಕಾದಲ್ಲಿ ಈ ಕೆಲಸಕ್ಕೆ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ಬಳಕೆಗೆ ಬಂದಿತು. ಅದರ ತರುವಾಯ ಸೋಡಿಯಂ ಟ್ರೈಪಾಲಿಫಾಸ್ಫೇಟ್ ಎಂಬುದು ಬಹುಕಾಲ ಯಂತ್ರದ ಪುಡಿಗಳ ಬೆನ್ನೆಲುಬಾಗಿತ್ತು. ಮುಂದೆ ಹೇಳುವ ಕಾರಣಗಳಿಂದ ಅನೇಕ ದೇಶಗಳಲ್ಲಿ ಮನೆಬಳಕೆಯ ಪುಡಿಗಳಲ್ಲಿ ಅದರ ಸ್ಥಾನಕ್ಕೆ ಸೋಡಿಯಂ ಸಿಟ್ರೇಟ್ ಮುಂತಾದುವು ಬಂದಿವೆ. ಇದು ನಿಂಬೆಹಣ್ಣಿನ ಹುಳಿಯಾದ ಸಿಟ್ರಿಕ್ ಆಮ್ಲದ ಲವಣ.

ಲೆಕ್ಕವು ಹೀಗೆ. ೧ ಗ್ರಾಮ್ ಗಡಸನ್ನು ಬಂಧಿಸುವುದಕ್ಕೆ ಸುಮಾರು ೩ ಗ್ರಾಮ್ ಸೋಡಿಯಂ ಸಿಟ್ರೇಟ್ ಬೇಕು. ನೀರಿನ ಗಡಸು ಲೀಟರಿಗೆ ೪೦೦ ಮಿಲಿಗ್ರಾಮ್ ಇದ್ದರೆ ೪ ಲೀಟರಿನಲ್ಲಿ ೧.೬ ಗ್ರಾಮ್ ಗಡಸು. ಅದಕ್ಕೆ ಸಿಟ್ರೇಟು ೪.೭ ಗ್ರಾಮ್. ಒಂದು ತೊಳೆತಕ್ಕೆ ೨೦ ಗ್ರಾಮ್ ಪುಡಿ ಹಾಕುವುದಾದರೆ, ಪುಡಿಯಲ್ಲಿ ನೂರಕ್ಕೆ ೨೪ ಪಾಲು ಸಿಟ್ರೇಟು ಇರಬೇಕಾಯಿತು. ಗಡಸು ೬೦೦ ಆದರೆ ೩೫ ಪಾಲು ಬೇಕು. ಅಷ್ಟು ಹಾಕಿದರೂ ಬಿಸಿ ನೀರಿನಲ್ಲಿ ಸಿಟ್ರೇಟಿನ ಹಿಡಿತವು ಫಾಸ್ಫೇಟಿನ ಹಿಡಿತಕ್ಕಿಂತ ಸಡಿಲವಾದುದು. ಇದಲ್ಲದೆ ಜಾಲಿಸುವ ನೀರಿನಲ್ಲಿ ಪುಡಿ ಇಲ್ಲದಿರುವುದರಿಂದ ಅದರ ಗಡಸಿಗೆ ಪುಡಿಯಿಂದ ಪರಿಹಾರವಿಲ್ಲ. ಆದುದರಿಂದಲೇ ಅನೇಕ ಯಂತ್ರಗಳಲ್ಲಿ ನೀರನ್ನು ಮೆದುಗೊಳಿಸುವ ರಾಳದ ಪೆಟ್ಟಿಗೆಯೊಂದನ್ನು ಇಟ್ಟಿರುತ್ತಾರೆ. ರಾಳವು ಹಿಡಿದ ಸುಣ್ಣವನ್ನು ಉಪ್ಪಿನ ನೀರು ಕಾಲಕಾಲಕ್ಕೆ ತೊಳೆದುಹಾಕುತ್ತದೆ. ಅದಕ್ಕೆ ಶುದ್ಧವಾದ ಹರಳುಪ್ಪನ್ನೇ ಹಾಕಬೇಕು. ಹೆಪ್ಪುಗಟ್ಟದಂತೆ ಬೇರೆ ದ್ರವ್ಯಗಳನ್ನು ಸೇರಿಸಿದ ಊಟದ ಪುಡಿಯುಪ್ಪು ತಕ್ಕದ್ದಲ್ಲ.

೪. ಘಟಕಗಳೂ ಅವುಗಳ ಕೆಲಸವೂ

ಸೋಡಾ.— ಇದು ನೀರನ್ನು ಕ್ಷಾರಗೊಳಿಸಿ ಜಿಡ್ಡನ್ನು ಒಡೆಯುತ್ತದೆ, ಒಣಗಿ ಅಂಟಿದ ಅನ್ನವನ್ನೂ ರಾಗಿಯ ಮುದ್ದೆಯ ಉಳಿಕೆಯನ್ನೂ ಉಬ್ಬಿಸಿ ಸಡಿಲಿಸುತ್ತದೆ. ಬೂದಿಯ ಗುಣವೂ ಇದೇ. ಆದರೆ ಬೂದಿಯ ಕ್ಷಾರವು ಪೊಟ್ಯಾಸಿಯಂ ಕಾರ್ಬೊನೇಟ್. ಈ ವ್ಯತ್ಯಾಸವನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಪಾಠದ ಕೊನೆಯಲ್ಲಿ ಇದರ ಪ್ರಯೋಜನ ತಿಳಿದುಬರುವುದು.

ಸಿಲಿಕೇಟು.— ಇದು ಕ್ಷಾರವೂ ಹೌದು, ಕಾವಲೂ ಹೌದು. ಲೋಹ ಮತ್ತು ಗಾಜಿನ ಮೇಲೆ ತೆಳುವಾದ ಪೊರೆಯಂತೆ ನಿಂತು ಸವೆತವನ್ನು ತಗ್ಗಿಸುತ್ತದೆ. ಮೆಟಾಸಿಲಿಕೇಟ್ ಎಂಬ ಜಾತಿಯು ತೀಕ್ಷ್ಣವಾದುದು, ಚರ್ಮವನ್ನು ಸುಡುತ್ತದೆ. ಮನೆಬಳಕೆಗೆ ಡೈಸಿಲಿಕೇಟ್ ಎಂಬ ಸೌಮ್ಯವಾದ ಜಾತಿಯೇ ಲೇಸು.

ವರ್ಣಹಾರಿ.— ಕಾಫಿ ಚಹಾಗಳ ಕರೆಯನ್ನೂ ಅರಿಶಿಣದ ಬಣ್ಣವನ್ನೂ ತೆಗೆಯಲು ಆಮ್ಲಜನಕವನ್ನು ಬಿಡುವ ಸೋಡಿಯಂ ಪರ್ಕಾರ್ಬೊನೇಟ್ ಬೇಕು. ಅರಿಶಿಣಕ್ಕೆ ಸುಣ್ಣ ತಾಗಿದರೆ ಕೆಂಪಾಗುವುದನ್ನು ಓಕುಳಿಯಲ್ಲಿ ಎಲ್ಲರೂ ಕಂಡಿದ್ದಾರೆ; ಪುಡಿಯ ಕ್ಷಾರವೂ ಅದನ್ನು ಕೆಂಪು ಮಾಡೀತೇ ಹೊರತು ತೆಗೆಯಲಾರದು. ತೆಗೆಯುವುದು ವರ್ಣಹಾರಿಯ ಕೆಲಸ. ೬೦ ಡಿಗ್ರಿಗಿಂತ ಕಡಮೆ ಬಿಸಿಯಲ್ಲಿಯೂ ಇದು ಕೆಲಸ ಮಾಡಲೆಂದು ಟಿ.ಎ.ಇ.ಡಿ. ಎಂಬ ಪ್ರಚೋದಕವನ್ನು ಸ್ವಲ್ಪ ಸೇರಿಸುವರು. ಹಿಂದಿನ ಪುಡಿಗಳಲ್ಲಿ ಕ್ಲೋರಿನ್ನನ್ನು ಬಿಡುವ ದ್ರವ್ಯಗಳಿದ್ದುವು. ಅವು ಕಿಣ್ವಗಳನ್ನು ಕೆಡಿಸುವುದರಿಂದ ಎರಡನ್ನೂ ಒಂದೇ ಪುಡಿಯಲ್ಲಿ ಕೂಡಿಸಲಾಗದು. ಪರ್ಬೊರೇಟ್ ಎಂಬ ಬೇರೊಂದು ವರ್ಣಹಾರಿಯಲ್ಲಿ ಬೋರಾನ್ ಇದೆ. ನಿಂಬೆ ಕಿತ್ತಳೆ ಗಿಡಗಳು ನೀರಿನಲ್ಲಿ ಲೀಟರಿಗೆ ಒಂದು ಮಿಲಿಗ್ರಾಮ್ ಬೋರಾನನ್ನೂ ತಾಳಲಾರವು. ಆದುದರಿಂದ ತೋಟವುಳ್ಳವರು ಪರ್ಬೊರೇಟ್ ಅಥವಾ ಬೋರಾಕ್ಸ್ ಸೇರಿದ ಪುಡಿಯನ್ನು ಕೊಳ್ಳಕೂಡದು.

ಕಿಣ್ವಗಳು.— ನಮ್ಮ ಹೊಟ್ಟೆಯಲ್ಲಿ ಅನ್ನವನ್ನು ಜೀರ್ಣಿಸುವ ವಸ್ತುಗಳ ಜಾತಿಗೆ ಸೇರಿದ ಎರಡು ಕಿಣ್ವಗಳು ಪುಡಿಯಲ್ಲಿಯೂ ಇವೆ. ಅಮೈಲೇಸ್ ಎಂಬುದು ಗಂಜಿಯ ಅಂಶವನ್ನೂ, ಪ್ರೋಟಿಯೇಸ್ ಎಂಬುದು ಬೇಳೆ ಹಾಲು ಮೊಟ್ಟೆಗಳ ಸಸಾರಜನಕವನ್ನೂ ತುಂಡರಿಸುತ್ತವೆ. ೫೦ರಿಂದ ೬೦ ಡಿಗ್ರಿ ಬಿಸಿಯಲ್ಲಿ ಇವು ಚುರುಕಾಗಿದ್ದು, ೭೦ನ್ನು ಮೀರಿದರೆ ಬೇಗನೆ ಸಾಯುತ್ತವೆ. ನೀರು ಬಿಸಿಯಾದಷ್ಟೂ ಒಳ್ಳೆಯದೆಂಬುದು ಇಲ್ಲಿ ಸಲ್ಲದು.

ಪಾಲಿಕಾರ್ಬಾಕ್ಸಿಲೇಟ್.— ಸಿಟ್ರೇಟಿನ ಹಿಡಿತಕ್ಕೆ ತಪ್ಪಿ ಒಡೆದ ಸುಣ್ಣದ ಕಣಗಳನ್ನು ಇದು ಒಂದಕ್ಕೊಂದು ಸೇರಗೊಡದೆ ತೇಲಿಸಿಕೊಂಡು ಹೋಗುತ್ತದೆ.

ತುಂಬುವಸ್ತು.— ಸೋಡಿಯಂ ಸಲ್ಫೇಟ್ ತೊಳೆಯುವ ಕೆಲಸದಲ್ಲಿ ಭಾಗಿಯಲ್ಲ. ಪುಡಿಯು ಸರಾಗವಾಗಿ ಸುರಿಯಲೆಂದೂ ತೂಕ ಸರಿಹೋಗಲೆಂದೂ ಇದನ್ನು ಹಾಕುವರು. ಕಡಮೆ ಬೆಲೆಯ ಪುಡಿಗಳಲ್ಲಿ ಇದೇ ಹೆಚ್ಚಾಗಿರುವುದುಂಟು.

೫. ಒಂದು ಮಾದರಿಯ ಯೋಗ

ಗಡಸು ೪೦೦ರ ಸುಮಾರಿನಲ್ಲಿರುವ ನೀರಿಗೆ, ಫಾಸ್ಫೇಟ್ ಇಲ್ಲದೆ, ಒಂದು ಕಿಲೋಗ್ರಾಮ್ ಪುಡಿಗೆ ತಕ್ಕ ಪ್ರಮಾಣಗಳು:

ಸೋಡಿಯಂ ಸಿಟ್ರೇಟ್ — ೩೦೦ ಗ್ರಾಮ್
ಸೋಡಿಯಂ ಕಾರ್ಬೊನೇಟ್ (ಹಗುರವಾದ ಸೋಡಾ ಬೂದಿ) — ೩೦೦ ಗ್ರಾಮ್
ಸೋಡಿಯಂ ಡೈಸಿಲಿಕೇಟ್ — ೧೦೦ ಗ್ರಾಮ್
ಸೋಡಿಯಂ ಪರ್ಕಾರ್ಬೊನೇಟ್ — ೧೨೦ ಗ್ರಾಮ್
ಟಿ.ಎ.ಇ.ಡಿ. — ೩೦ ಗ್ರಾಮ್
ಪಾಲಿಕಾರ್ಬಾಕ್ಸಿಲೇಟ್ ಪುಡಿ — ೫೦ ಗ್ರಾಮ್
ನೊರೆಯಿಲ್ಲದ ತೋಯಿಸುವ ದ್ರವ — ೨೦ ಗ್ರಾಮ್
ಕಿಣ್ವದ ಕಾಳುಗಳು (ಎರಡೂ ಸೇರಿ) — ೨೦ ಗ್ರಾಮ್
ಸೋಡಿಯಂ ಸಲ್ಫೇಟ್ — ೬೦ ಗ್ರಾಮ್

ಒಂದು ತೊಳೆತಕ್ಕೆ ೨೦ ಗ್ರಾಮ್ ಪುಡಿ ಸಾಕು. ನೀರು ಮೆದುವಾಗಿದ್ದರೆ ಸಿಟ್ರೇಟನ್ನು ೧೫೦ ಗ್ರಾಮಿಗೆ ಇಳಿಸಿ ಆ ಭಾಗವನ್ನು ಸಲ್ಫೇಟಿನಿಂದ ತುಂಬಬಹುದು, ಸೋಡಾವನ್ನು ಏರಿಸಕೂಡದು. ಮೆದುನೀರಿನಲ್ಲಿ ಕ್ಷಾರ ಹೆಚ್ಚಾದರೆ ಗಾಜು ಸವೆದು ಮಂಜಾಗುತ್ತದೆ, ಮತ್ತೆ ಸರಿಹೋಗುವುದಿಲ್ಲ.

೬. ಬೆರೆಸುವ ಕ್ರಮ

ಬೆರೆಸುವ ಸ್ಥಳವು ಒಣಗಿರಬೇಕು. ಮಲೆನಾಡಿನ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕದಿರುವುದೇ ಒಳ್ಳೆಯದು. ಮೊದಲು ಸೋಡಾವನ್ನು ಪಾತ್ರೆಗೆ ಹಾಕಿ, ತೋಯಿಸುವ ದ್ರವವನ್ನು ಸಣ್ಣ ತುಂತುರಾಗಿ ಅದರ ಮೇಲೆ ಎರಚುತ್ತ ಕಲಸಬೇಕು. ಹಗುರವಾದ ಸೋಡಾ ದ್ರವವನ್ನು ತನ್ನೊಳಗೆ ಹೀರಿಕೊಂಡು ಪುಡಿಯಾಗಿಯೇ ಉಳಿಯುತ್ತದೆ. ಅನಂತರ ಸಲ್ಫೇಟು, ಸಿಟ್ರೇಟು, ಸಿಲಿಕೇಟು, ಪಾಲಿಕಾರ್ಬಾಕ್ಸಿಲೇಟು ಈ ನಾಲ್ಕನ್ನೂ ಸೇರಿಸಬೇಕು. ಗಂಟುಗಳನ್ನು ಜರಡಿ ಹಿಡಿದು ತೆಗೆದ ಮೇಲೆ, ಪರ್ಕಾರ್ಬೊನೇಟು, ಟಿ.ಎ.ಇ.ಡಿ. ಮತ್ತು ಕಿಣ್ವದ ಕಾಳುಗಳನ್ನು ಕಟ್ಟಕಡೆಗೆ ಹಾಕಿ ಮೆಲ್ಲಗೆ ಕೈಯಾಡಿಸಬೇಕು. ಈ ಕಾಳುಗಳಿಗೆ ಕಾಪಿನ ಲೇಪವಿರುತ್ತದೆ. ಅರೆದರೆ ಅದು ಒಡೆಯುತ್ತದೆ. ಕಿಣ್ವದ ಧೂಳು ಉಸಿರಿನೊಡನೆ ಒಳಹೋದರೆ ಉಬ್ಬಸ ಬರುವುದೆಂಬುದನ್ನು ಇಂಗ್ಲೆಂಡಿನ ಕಾರ್ಖಾನೆಯ ಕೆಲಸಗಾರರನ್ನು ಪರೀಕ್ಷಿಸಿದ ವೈದ್ಯರು ೧೯೬೯ರಲ್ಲಿ ಪ್ರಕಟಿಸಿದರು. ಲೇಪವುಳ್ಳ ಕಾಳುಗಳು ಬಳಕೆಗೆ ಬಂದುದು ಆ ಅನುಭವದಿಂದಲೇ. ಬೆರೆಸುವವರು ಮೂಗು ಬಾಯಿಗಳಿಗೆ ಮುಸುಕನ್ನೂ, ಕಣ್ಣಿಗೆ ಕನ್ನಡಕವನ್ನೂ, ಕೈಗೆ ರಬ್ಬರಿನ ಚೀಲವನ್ನೂ ತಪ್ಪದೆ ಧರಿಸತಕ್ಕದ್ದು.

ಸಿಟ್ರೇಟಿನ ಬದಲು ಅಗ್ಗವೆಂದು ಸಿಟ್ರಿಕ್ ಆಮ್ಲವನ್ನೇ ಸೋಡಾದೊಡನೆ ಬೆರೆಸುವುದು ಕೆಲವರ ವಾಡಿಕೆ. ಸ್ವಲ್ಪ ತೇವ ತಾಗಿದರೂ ಎರಡೂ ಕೂಡಿ ಅನಿಲವೇಳುತ್ತದೆ, ಪುಡಿ ಕಲ್ಲಾಗುತ್ತದೆ, ಬಿಗಿಯಾಗಿ ಮುಚ್ಚಿದ ಡಬ್ಬಿ ಸಿಡಿಯುವುದೂ ಉಂಟು. ಸೋಡಾದ ಸತ್ವವೂ ಆಮ್ಲವನ್ನು ಕೊಲ್ಲುವುದರಲ್ಲಿಯೇ ವ್ಯರ್ಥವಾಗುತ್ತದೆ. ಕಾಸ್ಟಿಕ್ ಸೋಡಾವನ್ನಾಗಲಿ ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿಯನ್ನಾಗಲಿ ಯಾವ ಕಾರಣಕ್ಕೂ ಸೇರಿಸಕೂಡದು. ಬ್ಲೀಚಿಂಗ್ ಪುಡಿಗೆ ಆಮ್ಲ ತಾಗಿದರೆ ಏಳುವ ಕ್ಲೋರಿನ್ ಅನಿಲವು ಪ್ರಾಣಾಂತಿಕವಾದುದು.

೭. ಪರೀಕ್ಷೆ

ತೊಳೆದ ಗಾಜಿನ ಲೋಟದ ಮೇಲೆ ಬಿಳಿಯ ಮಂಜು ಕಂಡರೆ ಅದರ ಮೇಲೆ ನಿಂಬೆಯ ಅಥವಾ ಹುಣಿಸೆಯ ರಸವನ್ನು ಸವರಿ ನೋಡಬೇಕು. ಮಂಜು ಹೋದರೆ ಅದು ಸುಣ್ಣ. ಸಿಟ್ರೇಟನ್ನು ಏರಿಸಬೇಕು ಅಥವಾ ರಾಳದ ಪೆಟ್ಟಿಗೆಗೆ ಉಪ್ಪು ಹಾಕಬೇಕು. ಹೋಗದಿದ್ದರೆ ಗಾಜೇ ಸವೆದಿದೆಯೆಂದು ತಿಳಿದು ಪುಡಿಯ ಪ್ರಮಾಣವನ್ನು ಇಳಿಸಬೇಕು. ತಟ್ಟೆಯ ಮೇಲೆ ಗಾಯಕ್ಕೆ ಹಚ್ಚುವ ಟಿಂಕ್ಚರ್ ಅಯೊಡಿನ್ನಿನ ಒಂದು ಹನಿಯನ್ನು ನೀರಿನಲ್ಲಿ ತೆಳುಮಾಡಿ ಬಿಟ್ಟಾಗ ನೀಲಿಯ ಬಣ್ಣ ಬಂದರೆ ಗಂಜಿಯ ಪೊರೆ ಉಳಿದಿದೆ. ಅಮೈಲೇಸ್ ಸತ್ತಿದೆ ಅಥವಾ ಸಾಲದಾಗಿದೆ. ಈ ಪರೀಕ್ಷೆಗೆ ಒಳಪಟ್ಟ ತಟ್ಟೆಯನ್ನು ಮತ್ತೆ ಚೆನ್ನಾಗಿ ತೊಳೆಯಬೇಕು.

ಸ್ಟೇನ್‌ಲೆಸ್ ಉಕ್ಕು, ಗಾಜು, ಪಿಂಗಾಣಿ ಇವು ಯಂತ್ರಕ್ಕೆ ತಕ್ಕ ಪಾತ್ರೆಗಳು. ಅಲ್ಯೂಮಿನಿಯಂ ಪಾತ್ರೆಗಳು ಕ್ಷಾರದಿಂದ ಕರ್ರಗಾಗಿ ಸವೆಯುತ್ತವೆ. ಕಲಾಯಿ ಹಾಕಿದ ಹಿತ್ತಾಳೆಯ ಪಾತ್ರೆಯ ತವರವನ್ನೂ ಕ್ಷಾರವು ತಿನ್ನುತ್ತದೆ. ತಾಮ್ರ ಕಂಚುಗಳು ಕಳೆಗುಂದುವುವು, ಕಬ್ಬಿಣದ ಕಾವಲಿ ತುಕ್ಕು ಹಿಡಿಯುವುದು, ಮಣ್ಣಿನ ಮಡಕೆ ಪುಡಿಯ ನೀರನ್ನೇ ಹೀರಿಕೊಳ್ಳುವುದು. ಇವುಗಳನ್ನೆಲ್ಲ ಕೈಯಿಂದಲೇ ತೊಳೆಯತಕ್ಕದ್ದು.

೮. ಫಾಸ್ಫೇಟೂ ಕೆರೆಯೂ

ಫಾಸ್ಫೇಟಿನಂತೆ ಸುಣ್ಣವನ್ನು ಹಿಡಿಯುವ ವಸ್ತು ಅಪರೂಪವೇ ಸರಿ. ಹಾಗಿದ್ದೂ ಅದನ್ನು ಬಿಡಬೇಕಾಗಿ ಬಂದುದೇಕೆಂದರೆ, ಅದು ಗೊಬ್ಬರವಾಗಿರುವುದರಿಂದ. ರೈತರು ಕೊಳ್ಳುವ ಸಿಂಗಲ್ ಸೂಪರ್ ಫಾಸ್ಫೇಟಿನಲ್ಲಿ ರಂಜಕಾಂಶವು ನೂರಕ್ಕೆ ೧೬. ಸೋಡಿಯಂ ಟ್ರೈಪಾಲಿಫಾಸ್ಫೇಟಿನಲ್ಲಿ ಅದೇ ಅಂಶವು ೫೮ರ ಸುಮಾರು. ಪುಡಿಯಲ್ಲಿ ನೂರಕ್ಕೆ ೩೦ ಪಾಲು ಈ ಫಾಸ್ಫೇಟ್ ಇದ್ದು, ದಿನಕ್ಕೊಮ್ಮೆ ೨೦ ಗ್ರಾಮ್ ಬಳಸುವ ಮನೆಯೊಂದು ವರ್ಷಕ್ಕೆ ಎಂಟು ಕಿಲೋಗ್ರಾಮ್ ಸೂಪರ್ ಫಾಸ್ಫೇಟಿಗೆ ಸಮನಾದ ಗೊಬ್ಬರವನ್ನು ಮೋರಿಗೆ ಸುರಿದಂತಾಯಿತು. ಪೈರಿಗೆ ಸಲ್ಲಬೇಕಾದ ಆ ಸಾರವು ಕೆರೆಯಲ್ಲಿ ಪಾಚಿಯನ್ನೂ ಜಲಕುಂಭಿಯನ್ನೂ ಬೆಳೆಸುತ್ತದೆ; ಅವು ಕೊಳೆಯುವಾಗ ನೀರಿನ ಆಮ್ಲಜನಕವು ತೀರಿ ಮೀನುಗಳು ಸಾಯುತ್ತವೆ.

ಈ ಕಾರಣದಿಂದ ಅಮೆರಿಕಾದ ಹಲವು ಸಂಸ್ಥಾನಗಳು ೨೦೧೦ರ ಜುಲೈಯಿಂದ ಮನೆಬಳಕೆಯ ಯಂತ್ರದ ಪುಡಿಯಲ್ಲಿ ರಂಜಕವನ್ನು ನೂರಕ್ಕೆ ಅರ್ಧ ಪಾಲಿಗೆ ಮಿತಗೊಳಿಸಿದುವು. ಯೂರೋಪಿನ ಒಕ್ಕೂಟದಲ್ಲಿ ೨೦೧೭ನೆಯ ಜನವರಿ ೧ರಿಂದ ಒಂದು ತೊಳೆತದ ಪ್ರಮಾಣದಲ್ಲಿ ರಂಜಕವು ೦.೩ ಗ್ರಾಮನ್ನು ಮೀರಕೂಡದೆಂಬ ಕಟ್ಟಳೆ ಜಾರಿಗೆ ಬಂದಿತು. ನಮ್ಮ ನಾಡಿನಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯು ೨೦೧೫ರಲ್ಲಿ ರಸ್ತೆಯ ಮೇಲಕ್ಕೆ ನೊರೆಯನ್ನು ಉಕ್ಕಿಸಿದುದೂ ೨೦೧೭ನೆಯ ಫೆಬ್ರವರಿಯಲ್ಲಿ ಅದರಲ್ಲಿ ಬೆಂಕಿ ಕಾಣಿಸಿಕೊಂಡುದೂ ಎಲ್ಲರಿಗೂ ತಿಳಿದ ಸಂಗತಿ. ಯಂತ್ರದ ಪುಡಿಯೊಂದೇ ಅದಕ್ಕೆ ಕಾರಣವೆಂದು ಹೇಳುವಂತಿಲ್ಲ. ಊರಿನ ಕೊಚ್ಚೆ, ಬಟ್ಟೆಯ ಸಾಬೂನುಪುಡಿ, ಕಾರ್ಖಾನೆಗಳ ನೀರು ಎಲ್ಲವೂ ಅಲ್ಲಿ ಸೇರಿದ್ದುವು. ಆದರೆ ಅಡಿಗೆಯ ಮನೆಯ ನೀರು ಕೆರೆಯಲ್ಲಿ ಏನಾಗುವುದೆಂಬುದಕ್ಕೆ ಅದು ಸಾಕ್ಷಿ. ೨೦೧೮ರಿಂದ ಬೆಂಗಳೂರಿನ ಕೋರಮಂಗಲ ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರನ್ನು ಕೋಲಾರದ ಕೆರೆಗಳಿಗೆ ಹರಿಸಿರುವುದರಿಂದ, ನಗರದ ಮನೆಯ ಪುಡಿಗೂ ಹಳ್ಳಿಯ ಕೆರೆಗೂ ಈಗ ನೇರವಾದ ಸಂಬಂಧವೇ ಬೆಳೆದಿದೆ. ಸಾಧಾರಣವಾದ ಸಂಸ್ಕರಣದಿಂದ ಕೊಳೆ ಕಳೆದೀತು. ಕರಗಿದ ಸೋಡಿಯಂ ಲವಣಗಳು ಕಳೆಯುವುದಿಲ್ಲ.

೯. ಬಾಳೆಯ ಬುಡದ ಲೆಕ್ಕ

ಮುಸುರೆಯ ನೀರನ್ನು ಹಿತ್ತಲಿನ ಬಾಳೆಯ ಬುಡಕ್ಕೆ ಹರಿಯಬಿಡುವುದು ನಮ್ಮ ಮನೆಗಳ ಹಳೆಯ ಪದ್ಧತಿ, ಒಳ್ಳೆಯ ಪದ್ಧತಿಯೂ ಹೌದು. ಬೂದಿಯಿಂದ ತೊಳೆದ ನೀರಿನಲ್ಲಿದ್ದುದು ಪೊಟ್ಯಾಷ್. ಬಾಳೆಗೆ ಅದು ಮೆಚ್ಚಿನ ಆಹಾರ. ಈಗ ಬೂದಿಯು ಹೋಗಿ ಸೋಡಾ ಬಂದಿದೆ, ಹರಿಯುವ ಕಾಲುವೆ ಮಾತ್ರ ಅದೇ ಉಳಿದಿದೆ. ಸೋಡಿಯಂ ಗಿಡಕ್ಕೆ ಆಹಾರವಲ್ಲ. ಅದು ಜೇಡಿಯ ಕಣಗಳನ್ನು ಹಿಡಿದಿರುವ ಸುಣ್ಣವನ್ನು ಹೊರದೂಡಿ ತಾನು ಅಲ್ಲಿ ಕೂರುತ್ತದೆ. ಆಗ ಮಣ್ಣು ಹದ ಕೆಟ್ಟು, ತೋಯ್ದಾಗ ಕೆಸರಾಗಿಯೂ ಒಣಗಿದಾಗ ಕಲ್ಲಾಗಿಯೂ ನಿಂತು, ನೀರನ್ನೂ ಗಾಳಿಯನ್ನೂ ಒಳಗೆ ಬಿಡುವುದಿಲ್ಲ. ಇದೇ ಚೌಳು. ಎರೆಯ ಭೂಮಿಯಲ್ಲಿ ಇದು ಬೇಗನೆಯೂ, ಮರಳು ಬೆರೆತ ಕೆಮ್ಮಣ್ಣಿನಲ್ಲಿ ನಿಧಾನವಾಗಿಯೂ ಬರುತ್ತದೆ.

ಮೇಲೆ ಹೇಳಿದ ಮಾದರಿಯ ೨೦ ಗ್ರಾಮ್ ಪುಡಿಯಲ್ಲಿ, ಪರ್ಕಾರ್ಬೊನೇಟಿನಿಂದ ಬರುವುದೂ ಸೇರಿ, ಸುಮಾರು ೭.೬ ಗ್ರಾಮ್ ಸೋಡಾ ಇದೆ. ಅದು ೧೨ ಲೀಟರು ನೀರಿನಲ್ಲಿ ಹೊರಬಿದ್ದರೆ, ಪ್ರಯೋಗಶಾಲೆಯವರು ಆರ್.ಎಸ್.ಸಿ. ಎಂದು ಕರೆಯುವ ಉಳಿಕೆ ಸೋಡಿಯಂ ಕಾರ್ಬೊನೇಟು ಲೀಟರಿಗೆ ೧೨ ಮಿಲಿ ಈಕ್ವಿವಲೆಂಟಿನಷ್ಟು ಏರುತ್ತದೆ. ಸಿಟ್ರೇಟು ಮಣ್ಣಿನಲ್ಲಿ ಕೊಳೆತು ತಾನೂ ಬೈಕಾರ್ಬೊನೇಟಾಗುವುದರಿಂದ ಒಟ್ಟು ೧೭ ಎಂದು ಎಣಿಸಬೇಕು. ನೀರಾವರಿಗೆ ೧.೨೫ರೊಳಗಿನದು ನಿರ್ಭಯವಾದುದು, ೨.೫ನ್ನು ಮೀರಿದುದು ತಕ್ಕದ್ದಲ್ಲ ಎಂಬುದು ರೂಢಿಯಲ್ಲಿರುವ ಅಳತೆ. ಯಂತ್ರದ ನೀರು ಈ ಮೇಲ್ಮಿತಿಗೆ ಏಳರಷ್ಟು ಹತ್ತಿರ! ರಾಳದ ಪೆಟ್ಟಿಗೆಯಿಂದ ಮೆದುಗೊಳಿಸಿದ ನೀರಾದರೆ ಇನ್ನೂ ಹೆಚ್ಚು. ಅಲ್ಲಿ ಮಣ್ಣನ್ನು ಕಾಪಾಡಬೇಕಾದ ಸುಣ್ಣವನ್ನು ಮೊದಲೇ ತೆಗೆದಿರುತ್ತದೆ. ಮೆದುನೀರು ಗಾಜಿನ ಬಟ್ಟಲಿಗೆ ಹಿತ, ಬೇರಿಗೆ ಅಹಿತ.

ಇದಕ್ಕೆ ಪರಿಹಾರಗಳು ಇವೆ:

(ಅ) ಯಂತ್ರದ ನೀರನ್ನು ಒಂದೇ ಗಿಡದ ಬುಡಕ್ಕೆ ದಿನವೂ ಬಿಡದೆ, ಒಳ್ಳೆಯ ನೀರಿನೊಡನೆ ಬೆರೆಸಿ ಹರಡಬೇಕು. ೧೨ ಲೀಟರಿಗೆ ೧೫೦ ಲೀಟರು ಮಳೆಯ ಅಥವಾ ಕೆರೆಯ ನೀರು ಸೇರಿದರೆ ಮೇಲೆ ಹೇಳಿದ ನಿರ್ಭಯದ ಮಿತಿಗೆ ಬರುತ್ತದೆ.

(ಆ) ಜಿಪ್ಸಂ ಚೌಳಿಗೆ ಮದ್ದೆಂಬುದು ರೈತರಿಗೆ ಗೊತ್ತಿದೆ. ಒಂದು ತೊಳೆತದ ಸೋಡಿಯಮ್ಮಿಗೆ ಸುಮಾರು ೨೦ ಗ್ರಾಮ್ ಶುದ್ಧ ಜಿಪ್ಸಂ ಬೇಕು. ದಿನಕ್ಕೊಂದು ತೊಳೆತದಂತೆ ವರ್ಷಕ್ಕೆ ಏಳೂವರೆ ಕಿಲೋಗ್ರಾಮ್. ಬೇಸಾಯದ ಜಿಪ್ಸಂ ಪೂರ್ತಿ ಶುದ್ಧವಲ್ಲದ ಕಾರಣ ಹತ್ತು ಕಿಲೋಗ್ರಾಮ್ ಎಂದಿಟ್ಟುಕೊಳ್ಳಬಹುದು. ನೀರು ಹರಿಯುವ ಪಾತಿಗಳಿಗೆ ಇದನ್ನು ಎರಡು ಮೂರು ಕಂತುಗಳಲ್ಲಿ ಹರಡಿ ಮಣ್ಣಿಗೆ ಸೇರಿಸಬೇಕು. ಬಿಡುಗಡೆಯಾದ ಸೋಡಿಯಂ ಕೆಳಕ್ಕೆ ಇಳಿದುಹೋಗಲು ಬಸಿಗಾಲುವೆಯೂ ಒಂದು ಒಳ್ಳೆಯ ಮಳೆಯೂ ಅವಶ್ಯಕ. ಬಸಿಯುವ ದಾರಿಯಿಲ್ಲದ ಕಡೆ ಜಿಪ್ಸಂ ಹಾಕಿದುದು ವ್ಯರ್ಥ.

(ಇ) ತೆಂಗು ಮತ್ತು ಗರಿಕೆಹುಲ್ಲು ಸ್ವಲ್ಪಮಟ್ಟಿಗೆ ತಾಳಿಕೊಳ್ಳುತ್ತವೆ. ನಿಂಬೆ ಕಿತ್ತಳೆಗಳೂ ಬೀನ್ಸೂ ತಾಳವು. ಸಸಿಮಡಿಗಳಿಗೆ ಈ ನೀರನ್ನು ಬಿಡಲೇಕೂಡದು.

(ಈ) ರಾಳವನ್ನು ತೊಳೆದ ಉಪ್ಪಿನ ನೀರು ಯಂತ್ರದ ನೀರಿನೊಡನೆಯೇ ಹೊರಬರುವುದರಿಂದ, ಮೆದುಗೊಳಿಸುವ ಯಂತ್ರವುಳ್ಳವರು ತೋಟದಿಂದ ದೂರದಲ್ಲಿ ಬೇರೆ ಇಂಗುಗುಂಡಿಯನ್ನು ಮಾಡಿಸುವುದು ಮೇಲು. ಗುಂಡಿಯು ಕುಡಿಯುವ ನೀರಿನ ಬಾವಿಯ ಹತ್ತಿರ ಇರಕೂಡದು.

(ಉ) ಎಲ್ಲಕ್ಕಿಂತ ಸುಲಭವಾದ ಪರಿಹಾರವು ಪುಡಿಯನ್ನು ಅಳೆದು ಹಾಕುವುದು. ತಟ್ಟೆಗಳ ಮುಸುರೆಯನ್ನು ಮೊದಲೇ ಬಳಿದು ಎರೆಗೊಬ್ಬರದ ಗುಂಡಿಗೆ ಹಾಕಿ, ಯಂತ್ರ ತುಂಬಿದ ಮೇಲೆ ಮಾತ್ರ ನಡೆಸಿದರೆ ಪುಡಿಯೂ ನೀರೂ ಮಣ್ಣೂ ಉಳಿಯುತ್ತವೆ.

೧೦. ಎಚ್ಚರಿಕೆ

ಪುಡಿಯ ನೀರು ತೀಕ್ಷ್ಣವಾದ ಕ್ಷಾರ. ಪುಡಿಯನ್ನು ಸಕ್ಕರೆಯೆಂದೂ ಬಣ್ಣದ ಗುಳಿಗೆಗಳನ್ನು ಮಿಠಾಯಿಯೆಂದೂ ತಿಳಿದು ಮಕ್ಕಳು ಬಾಯಿಗೆ ಹಾಕಿಕೊಂಡರೆ ಗಂಟಲೂ ಅನ್ನನಾಳವೂ ಸುಡುತ್ತವೆ. ಆದುದರಿಂದ ಹಳೆಯ ಹಾರ್ಲಿಕ್ಸ್ ಸೀಸೆಯಲ್ಲಿಯೋ ಉಪ್ಪಿನ ಭರಣಿಯಲ್ಲಿಯೋ ಇದನ್ನು ತುಂಬಿಡುವುದು ಅಪಾಯಕರ. ಗುರುತು ಬರೆದ ಬಿಗಿಯಾದ ಡಬ್ಬಿಯಲ್ಲಿ, ಬೀಗ ಹಾಕಿದ ಕಪಾಟಿನಲ್ಲಿ ಇಡತಕ್ಕದ್ದು. ನುಂಗಿದವರಿಗೆ ವಾಂತಿ ಮಾಡಿಸಕೂಡದು, ಹುಳಿಯ ರಸವನ್ನು ಕುಡಿಸಲೂ ಕೂಡದು. ಬಾಯನ್ನು ತೊಳೆಸಿ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು, ಪುಡಿಯ ಡಬ್ಬಿಯನ್ನೂ ಜೊತೆಗೆ ಒಯ್ಯಬೇಕು. ಕಣ್ಣಿಗೆ ಬಿದ್ದರೆ ಹರಿಯುವ ತಣ್ಣೀರಿನಲ್ಲಿ ಕಾಲುಗಂಟೆಗೆ ಕಡಮೆಯಿಲ್ಲದಂತೆ ತೊಳೆದು ವೈದ್ಯರಿಗೆ ತೋರಿಸಬೇಕು.

೧೧. ಪಾಠದ ಸಾರಾಂಶ

ಯಂತ್ರದ ಪುಡಿಯು ಸಾಬೂನಲ್ಲ. ಕ್ಷಾರ, ಸುಣ್ಣವನ್ನು ಹಿಡಿಯುವ ಲವಣ, ವರ್ಣಹಾರಿ, ಕಿಣ್ವ ಇವು ಒಂದೊಂದೂ ಒಂದೊಂದು ಕೊಳೆಗೆ ಉತ್ತರವಾಗಿ ನಿಂತ ಕೂಟ ಅದು. ನೀರಿನ ಗಡಸನ್ನು ತಿಳಿಯದೆ ಅದನ್ನು ಬೆರೆಸುವುದಾಗಲಿ ಕೊಳ್ಳುವುದಾಗಲಿ ಕುರುಡು ವ್ಯಾಪಾರ. ಊರಿನ ಯಜಮಾನರು ತಮ್ಮಲ್ಲಿ ಇಂಥ ಯಂತ್ರವನ್ನು ಇರಿಸಿರುವ ಮನೆಗಳ, ವಿದ್ಯಾರ್ಥಿನಿಲಯಗಳ, ಛತ್ರಗಳ ಬಚ್ಚಲಿನ ನೀರು ಎತ್ತ ಹರಿಯುವುದೆಂಬುದನ್ನು ಒಮ್ಮೆ ನಡೆದು ನೋಡುವುದು ಒಳ್ಳೆಯದು. ಜಮೀನುದಾರರು ಆ ನೀರು ಬೀಳುವ ಪಾತಿಯ ಮಣ್ಣನ್ನು ವರ್ಷಕ್ಕೊಮ್ಮೆ ಪರೀಕ್ಷೆಗೆ ಕಳುಹಿಸಬೇಕು. ತಟ್ಟೆಯ ಮೇಲಿನ ಬಿಳಿಯ ಕಲೆಯನ್ನು ಹುಣಿಸೆಯ ರಸದಿಂದ ತೆಗೆಯಬಹುದು. ಹೊಲದ ಮೇಲೆ ಬಿಳಿಯ ಚೌಳು ಒಮ್ಮೆ ಎದ್ದರೆ ಅದನ್ನು ತೆಗೆಯುವುದಕ್ಕೆ ವರ್ಷಗಳೇ ಹಿಡಿಯುತ್ತವೆ.